ಉಸಿರಿಗೆ ಸೇರುವ ವಿಷ: ಗಣಕಯಂತ್ರ ಮೊದಲೇ ಹೇಳಬಲ್ಲುದೇ?



ಸವದತ್ತಿ, ರಾಮದುರ್ಗ ಕಡೆಯ ಎರೆಭೂಮಿಯ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದು ಹಿರಿಯರಿಗೆಲ್ಲ ನೆನಪಿರುವ ಸಂಗತಿ. ಹಗೇವು ತೆಗೆಯುವ ದಿನ ಬಾಯಿಗೆ ಮುಚ್ಚಿದ ಕಲ್ಲು ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಲವು ಹೊತ್ತು ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಿಂತರೆ ಆಳು ಇಳಿಯಬಹುದು, ಆರಿದರೆ ಇಳಿಯುವಂತಿಲ್ಲ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಈ ಶಾಸ್ತ್ರ ಗೊತ್ತಿಲ್ಲದಿದ್ದರೂ ಮನುಷ್ಯನನ್ನು ಇಳಿಸುವ ಮೊದಲು ಬೇರೆ ಏನನ್ನಾದರೂ ಇಳಿಸಿ ನೋಡಬೇಕೆಂಬುದು ನಮ್ಮವರಿಗೆ ಗೊತ್ತಿತ್ತು.

ಆದರೆ ಕಂದೀಲು ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಉರಿಯಲು ಬೇಕಾದಷ್ಟು ಆಮ್ಲಜನಕ ಇದೆಯೋ ಇಲ್ಲವೋ. ನುಸಿಗೆಂದು ಗುಳಿಗೆ ಹಾಕಿದ ಕಾಳಿನ ಕೋಣೆಯಲ್ಲಿ ದೀಪ ಚೆನ್ನಾಗಿಯೇ ಉರಿದೀತು, ಮನುಷ್ಯ ಮಾತ್ರ ಉಳಿಯಲಿಕ್ಕಿಲ್ಲ. ಗೋಬರ್ ಗ್ಯಾಸ್ ಗುಂಡಿಗಂತೂ ದೀಪ ಇಳಿಬಿಟ್ಟರೆ ಗುಂಡಿಯೇ ಸಿಡಿಯುತ್ತದೆ. ಇಂದು ನಮ್ಮ ಮನೆ, ಹೊಲ, ಕೊಟ್ಟಿಗೆಗಳಿಗೆ ಬಂದಿರುವ ರಾಸಾಯನಿಕಗಳಿಗೆ ಬೇರೆ ಬೇರೆ ಕಂದೀಲುಗಳು ಬೇಕು. ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ಗಣಕಯಂತ್ರವನ್ನೇ ಅಂಥ ಕಂದೀಲಾಗಿ ಬಳಸಲು ತೊಡಗಿದ್ದಾರೆ. ಒಂದು ವಸ್ತುವನ್ನು ಯಾರೂ ಮೂಸುವ ಮೊದಲೇ, ಅದರ ಗಾಳಿ ಎಷ್ಟು ಘಾತಕವೆಂದು ಲೆಕ್ಕ ಹಾಕಿ ಹೇಳುವ ವಿದ್ಯೆ ಇದು. ಅದು ಹೇಗೆ ನಡೆಯುತ್ತದೆ, ಎಷ್ಟು ನಂಬಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹಾಲು ಹಾಕುವವರಿಗೆ ಇದೇಕೆ ಎಂದು ಕೆಲವರು ಕೇಳಬಹುದು. ಬೈಲಹೊಂಗಲ, ಕಿತ್ತೂರ ಭಾಗದಲ್ಲಿ ಹತ್ತಿ, ಸೋಯಾ, ಕಡಲೆಗೆ ಎಣ್ಣೆ ಹೊಡೆಯುವವನು ಮುಂಜಾನೆ ಆಕಳು ಹಿಂಡಿ ಡೇರಿಗೆ ಹಾಲು ಹಾಕಿ ಬಂದವನೇ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರ ಮಳೆಗಾಲದಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ಪ್ರಾಣ ಕಳೆದುಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರು ಯಾರೂ ವಿಷ ಕುಡಿದವರಲ್ಲ. ಆಳೆತ್ತರ ಬೆಳೆದ ಹತ್ತಿಯ ನಡುವೆ ತಲೆಯ ಮೇಲಕ್ಕೆ ಹೊಡೆದ ಮಂಜು ಅವರದೇ ಮುಖಕ್ಕೆ, ಮೈಗೆ ಇಳಿದಿತ್ತು.

ಡಬ್ಬಿಯ ತ್ರಿಕೋನ ಹೇಳದ ಮಾತು

ಔಷಧದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ತಮಗೆಲ್ಲ ಪರಿಚಿತ. ಕೆಂಪು ಅತಿ ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಈ ಬಣ್ಣ ಎಲ್ಲಿಂದ ಬಂತು? 1971ರ ಕೀಟನಾಶಕ ನಿಯಮಗಳಲ್ಲಿ ಒಂದು ಕೋಷ್ಟಕವಿದೆ. ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ಪ್ರತಿ ಕಿಲೋ ಮೈತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು ಎಂಬ ಲೆಕ್ಕ ಅದು. ಬಾಯಿಯಿಂದ ಕೊಟ್ಟಾಗ 50 ಮಿ.ಗ್ರಾಂ ವರೆಗೆ ಸಾಕಾದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಮೇಲೆ ಹಸಿರು. ಚರ್ಮಕ್ಕೆ ಹಚ್ಚಿದಾಗಿನ ಲೆಕ್ಕವೂ ಆ ಕೋಷ್ಟಕದಲ್ಲಿದೆ.

ಗಮನಿಸಬೇಕಾದುದು ಇಲ್ಲಿ. ಬಾಯಿಯ ಲೆಕ್ಕವಿದೆ, ಚರ್ಮದ ಲೆಕ್ಕವಿದೆ, ಉಸಿರಿನ ಲೆಕ್ಕ ಆ ಕೋಷ್ಟಕದಲ್ಲಿ ಇಲ್ಲ. ಹಸಿರು ತ್ರಿಕೋನ ಕಂಡು ಮೂಗಿಗೂ ಹಸಿರೇ ಎಂದು ತಿಳಿಯುವಂತಿಲ್ಲ. ಶೇಂಗಾದ ಎಲೆಚುಕ್ಕೆ ರೋಗಕ್ಕೆ ಹೊಡೆಯುವ ಕ್ಲೋರೋಥಲೊನಿಲ್ ಇದಕ್ಕೆ ಒಳ್ಳೆಯ ಉದಾಹರಣೆ. ಇಲಿಯ ಬಾಯಿಗೆ ಕಿಲೋಗೆ 5000 ಮಿ.ಗ್ರಾಂಗಿಂತ ಹೆಚ್ಚು ಕೊಟ್ಟರೂ ಅರ್ಧದಷ್ಟು ಸಾಯುವುದಿಲ್ಲ. ಅದೇ ವಸ್ತುವನ್ನು ನುಣ್ಣಗಿನ ಪುಡಿಯಾಗಿ ಉಸಿರಿಗೆ ಕೊಟ್ಟಾಗ ಫಲ ಬೇರೆ. ಯುರೋಪಿನವರು ಇದನ್ನು 'ಉಸಿರಾಡಿದರೆ ಪ್ರಾಣಾಂತಿಕ' ಎಂಬ ವರ್ಗಕ್ಕೇ ಸೇರಿಸಿದ್ದಾರೆ. ಆ ವರ್ಗಕ್ಕೆ ಸೇರುವ ಪುಡಿ ಅಥವಾ ಮಂಜು ಒಂದು ಲೀಟರ್ ಗಾಳಿಯಲ್ಲಿ ಅರ್ಧ ಮಿಲಿಗ್ರಾಂ, ಇಲ್ಲವೇ ಅದಕ್ಕೂ ಕಡಿಮೆ ಇದ್ದರೆ ಸಾಕು, 4 ತಾಸಿನಲ್ಲಿ ಇಲಿಗಳಲ್ಲಿ ಅರ್ಧ ಸಾಯುತ್ತವೆ. ಹೊಟ್ಟೆ ತಡೆದುಕೊಳ್ಳುವುದನ್ನು ಉಸಿರಿನ ದಾರಿಯ ತೆಳುವಾದ ಪೊರೆ ತಡೆದುಕೊಳ್ಳಲಾರದು.

ಉಸಿರಿನ ಪರೀಕ್ಷೆಯ ಪದ್ಧತಿಯೂ ಇದೇ. ಗಾಜಿನ ಇಲ್ಲವೇ ಉಕ್ಕಿನ ಪೆಟ್ಟಿಗೆಯಲ್ಲಿ ಇಲಿಗಳನ್ನಿಟ್ಟು, ಗೊತ್ತಾದ ಪ್ರಮಾಣದ ಗಾಳಿಯನ್ನು 4 ತಾಸು ಹಾಯಿಸಿ, ಮುಂದೆ 14 ದಿನ ನೋಡುತ್ತಾರೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದರ ಕ್ರಮವನ್ನು 1981ರಲ್ಲಿ ಗೊತ್ತುಮಾಡಿತು. ಬಾಯಿಗೆ ಹಾಕುವ ಪರೀಕ್ಷೆಗಿಂತ ಇದು ಬಹಳ ತ್ರಾಸಿನದು, ಬಹಳ ದುಬಾರಿ. ಗಾಳಿಯನ್ನು ಒಂದೇ ಪ್ರಮಾಣದಲ್ಲಿ ಇಡುವುದೇ ಒಂದು ವಿದ್ಯೆ. ಆದಕಾರಣ ಬಾಯಿಯ ಲೆಕ್ಕ ಸಿಕ್ಕಷ್ಟು ರಾಸಾಯನಿಕಗಳಿಗೆ ಉಸಿರಿನ ಲೆಕ್ಕ ಸಿಗುವುದಿಲ್ಲ.

ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಉದಾಹರಣೆ ಸಾಕು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮಿಥೈಲ್ ಐಸೋಸೈನೇಟ್ ಹೊರಬಿತ್ತು. ಅದು ಗಾಳಿಗಿಂತ ಎರಡು ಪಟ್ಟು ಭಾರ, ನೆಲ ಹಿಡಿದೇ ಹರಿಯಿತು. ಸಾವಿರಾರು ಜನ ಸತ್ತರು. ಆ ಅನಿಲ ಮನುಷ್ಯನ ಉಸಿರಿನಲ್ಲಿ ಏನು ಮಾಡುತ್ತದೆ ಎಂಬ ಬಗ್ಗೆ ಅಂದು ಪ್ರಕಟವಾಗಿದ್ದ ಮಾಹಿತಿ ತೀರ ಅಲ್ಪ. ಬೆಳಗಿನ ಜಾವ ಆಸ್ಪತ್ರೆಯ ವೈದ್ಯರು ಏನೆಂದು ಚಿಕಿತ್ಸೆ ಕೊಡಬೇಕು?

ಹೊತ್ತಿನ ಲೆಕ್ಕ

ಗಾಳಿಯಲ್ಲಿನ ವಿಷವನ್ನು ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂದು ಅಳೆಯುತ್ತಾರೆ. 1000 ಲೀಟರಿನ ಬಿ.ಎಂ.ಸಿ.ಯಲ್ಲಿ 1 ಮಿ.ಲೀ. ಬೆರೆಸಿದರೆ ಹತ್ತು ಲಕ್ಷಕ್ಕೆ ಒಂದು ಭಾಗವಾಯಿತು. ಪ್ರಮಾಣದ ಜೊತೆಗೆ ಹೊತ್ತೂ ಮುಖ್ಯ. ಫ್ರಿಟ್ಜ್ ಹೇಬರ್ ಎಂಬ ಜರ್ಮನ್ ವಿಜ್ಞಾನಿ, ಪ್ರಮಾಣ ಮತ್ತು ಹೊತ್ತಿನ ಗುಣಲಬ್ಧ ಒಂದೇ ಇದ್ದರೆ ಪರಿಣಾಮವೂ ಒಂದೇ ಎಂದು ಸೂತ್ರ ಮಾಡಿದ. ಗಾಳಿಯಲ್ಲಿನ ಸಾರಜನಕದಿಂದ ಅಮೋನಿಯ ಮಾಡುವ ವಿಧಾನ ಕಂಡುಹಿಡಿದವನು ಇವನೇ. ನಾವು ಹಾಕುವ ಯೂರಿಯಾ ಆ ವಿಧಾನದ ಫಲ. 1915ರಲ್ಲಿ ಯುದ್ಧಭೂಮಿಗೆ ಕ್ಲೋರಿನ್ ಅನಿಲ ಬಿಡಿಸಿದವನೂ ಇವನೇ.

ಹೇಬರನ ಸೂತ್ರ ಸರಳ, ಆದರೆ ಎಲ್ಲ ಅನಿಲಕ್ಕೂ ಹೊಂದುವುದಿಲ್ಲ. ನಮ್ಮ ಶೀತಲೀಕರಣ ಕೇಂದ್ರಗಳ ದೊಡ್ಡ ಯಂತ್ರಗಳಲ್ಲಿ ಬಳಕೆಯಾಗುವ ಅಮೋನಿಯವನ್ನೇ ನೋಡಿ. ಅಮೆರಿಕದ ತಜ್ಞರು ಗೊತ್ತುಮಾಡಿದಂತೆ 4 ತಾಸಿನವರೆಗೆ ಇದ್ದವನಿಗೆ ಜೀವಭಯ ಶುರುವಾಗುವ ಮಟ್ಟ ಹತ್ತು ಲಕ್ಷಕ್ಕೆ 550 ಭಾಗ. ಒಂದೇ ತಾಸು ಇದ್ದರೆ? ಹೇಬರನ ಪ್ರಕಾರ ನಾಲ್ಕು ಪಟ್ಟು, ಅಂದರೆ 2200 ಆಗಬೇಕು. ನಿಜವಾದ ಮಟ್ಟ 1100. 10 ನಿಮಿಷಕ್ಕೆ 2700. ಅಮೋನಿಯದಲ್ಲಿ ಪ್ರಮಾಣದ ವರ್ಗವನ್ನು ಹೊತ್ತಿನಿಂದ ಗುಣಿಸಬೇಕು. ಪ್ರಮಾಣ ಇಮ್ಮಡಿಯಾದರೆ ತಡೆಯುವ ಹೊತ್ತು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಸೋರಿಕೆಯಾದಾಗ 'ಇನ್ನೆರಡು ನಿಮಿಷ ನೋಡೋಣ' ಎಂದು ಒಳಗೇ ನಿಲ್ಲುವವರು ಈ ಲೆಕ್ಕವನ್ನು ನೆನಪಿಡಬೇಕು.

ಎಸ್.ಎನ್.ಎಫ್. ತೆಗೆದ ಹಾಗೆ

ಈಗ ಗಣಕಯಂತ್ರದ ಮಾತಿಗೆ ಬರೋಣ. ಕೆಲಸ ಹೊಸದಾಗಿ ಕಂಡರೂ ಪದ್ಧತಿ ನಮ್ಮ ಸಂಘದ ಮೇಜಿನ ಮೇಲೆ ದಿನಾಲು ಎರಡು ಹೊತ್ತು ನಡೆಯುವಂಥದೇ.

ಹಾಲಿನ ಎಸ್.ಎನ್.ಎಫ್. ಅನ್ನು ನಿಜವಾಗಿ ತಿಳಿಯಬೇಕೆಂದರೆ ಹಾಲನ್ನು ಆರಿಸಿ, ನೀರೆಲ್ಲ ಹೋದ ಮೇಲೆ ಉಳಿದುದನ್ನು ತೂಗಿ, ಅದರಲ್ಲಿ ಫ್ಯಾಟ್ ಕಳೆಯಬೇಕು. ಪ್ರತಿ ಸದಸ್ಯನ ಹಾಲಿಗೂ ಹೀಗೆ ಮಾಡುತ್ತ ಕುಳಿತರೆ ಸಂಜೆಯಾದರೂ ಹಾಲಿನ ಗಾಡಿ ಹೊರಡದು. ಆದಕಾರಣ ಕಾರ್ಯದರ್ಶಿ ಲ್ಯಾಕ್ಟೋಮೀಟರ್ ಬಿಟ್ಟು ಅಂಕಿ ಓದುತ್ತಾನೆ, ಅದರ ಕಾಲು ಭಾಗಕ್ಕೆ ಫ್ಯಾಟಿನ ಒಂದಂಶ ಸೇರಿಸಿ, ಮೇಲೆ ಒಂದು ಸ್ಥಿರ ಅಂಕಿ ಕೂಡಿಸುತ್ತಾನೆ. ನೂರು ವರ್ಷಗಳ ಹಿಂದೆಯೇ ರಿಚ್‌ಮಂಡ್ ಎಂಬ ಇಂಗ್ಲಿಷ್ ರಸಾಯನಜ್ಞ ಅನೇಕ ಮಾದರಿಗಳನ್ನು ಆರಿಸಿ ತೂಗಿ ಕಂಡ ಸಂಬಂಧವದು. ಅಳೆಯಲು ಸುಲಭವಾದ ಎರಡು ಗುಣಗಳಿಂದ ಅಳೆಯಲು ಕಷ್ಟವಾದ ಮೂರನೆಯದನ್ನು ಊಹಿಸುವುದು, ಇಷ್ಟೇ ಉಪಾಯ.

ವಿಷದ ವಿಷಯದಲ್ಲಿಯೂ ಹಾಗೆಯೇ. ಮೊದಲೇ ಇಲಿಗಳ ಮೇಲೆ ಪರೀಕ್ಷೆಯಾದ ನೂರಾರು ವಸ್ತುಗಳ ಪಟ್ಟಿ ಗಣಕಯಂತ್ರದಲ್ಲಿರುತ್ತದೆ. ಪ್ರತಿಯೊಂದರ ಅಣುವಿನ ರಚನೆ, ತೂಕ, ಆವಿಯಾಗುವ ಗುಣ, ನೀರಿನಲ್ಲಿ ಕರಗುವ ಗುಣ, ಕೊಬ್ಬಿನಲ್ಲಿ ಕರಗುವ ಗುಣ ಇವನ್ನೆಲ್ಲ ಕೊಟ್ಟು, ಇವುಗಳಿಗೂ ವಿಷದ ಪ್ರಮಾಣಕ್ಕೂ ಏನು ಸಂಬಂಧ ಎಂದು ಕೇಳುತ್ತಾರೆ. ಸಂಬಂಧ ಸಿಕ್ಕ ಮೇಲೆ ಹೊಸ ಅಣುವಿನ ರಚನೆಯನ್ನಷ್ಟೇ ಕೊಟ್ಟರೆ ಯಂತ್ರ ಅಂದಾಜು ಹೇಳುತ್ತದೆ. ಇಂಥ ಲೆಕ್ಕವನ್ನು 1960ರ ದಶಕದಲ್ಲಿ ಅಮೆರಿಕದ ಹ್ಯಾನ್ಷ್ ಮತ್ತು ಜಪಾನಿನ ಫುಜಿಟಾ ಶಾಸ್ತ್ರಬದ್ಧ ಮಾಡಿದರು. ಬೇರು ಇನ್ನೂ ಹಳೆಯದು. 1900ರ ಸುಮಾರಿಗೆ ಮೇಯರ್ ಮತ್ತು ಓವರ್ಟನ್ ಎಂಬಿಬ್ಬರು, ಶಸ್ತ್ರಚಿಕಿತ್ಸೆಗೆ ಮೂಸಿಸುವ ಕ್ಲೋರೋಫಾರ್ಮ್, ಈಥರ್ ಮೊದಲಾದವು ಆಲಿವ್ ಎಣ್ಣೆಯಲ್ಲಿ ಎಷ್ಟು ಹೆಚ್ಚು ಕರಗುತ್ತವೋ ಅಷ್ಟು ಕಡಿಮೆ ಪ್ರಮಾಣದಲ್ಲಿ ಎಚ್ಚರ ತಪ್ಪಿಸುತ್ತವೆ ಎಂದು ಕಂಡಿದ್ದರು. ಉಸಿರಿಗೆ ಹೋಗುವ ವಸ್ತುವಿನ ಪರಿಣಾಮವನ್ನು ಬರಿಯ ಅಂಕಿಯಿಂದ ಹೇಳಿದ ಮೊದಲ ಪ್ರಯತ್ನಗಳಲ್ಲಿ ಇದೊಂದು.

ಕೊಬ್ಬು ಮತ್ತು ನೀರಿನ ಈ ಹಂಚಿಕೆ ಇಂದಿಗೂ ಮುಖ್ಯ ಅಂಕಿ. ಮೊಸರು ಕಡೆದಾಗ ಬಣ್ಣದ ಕೆಲ ಅಂಶ ಬೆಣ್ಣೆಗೆ ಹೋಗುತ್ತದೆ, ಹುಳಿ ಮಜ್ಜಿಗೆಯಲ್ಲಿ ಉಳಿಯುತ್ತದೆ. ಆಕಳ ಬೆಣ್ಣೆ ಹಳದಿಯಾಗಿ ಮಜ್ಜಿಗೆ ಬೆಳ್ಳಗಿರುವುದು ಇದರಿಂದಲೇ. ಹಾಗೆಯೇ ಪ್ರತಿಯೊಂದು ರಾಸಾಯನಿಕಕ್ಕೂ ಬೆಣ್ಣೆಯ ಕಡೆಗೋ ಮಜ್ಜಿಗೆಯ ಕಡೆಗೋ ಒಲವಿರುತ್ತದೆ. ಬೆಣ್ಣೆಯ ಕಡೆಯದು ನರ, ಮಿದುಳುಗಳ ಕೊಬ್ಬಿಗೆ ಬೇಗ ಸೇರುತ್ತದೆ. ಮಜ್ಜಿಗೆಯ ಕಡೆಯದು, ಅಂದರೆ ನೀರಿನಲ್ಲಿ ಬೇಗ ಕರಗುವುದು, ಒದ್ದೆಯಾದ ಮೊದಲ ಜಾಗದಲ್ಲಿಯೇ ನಿಲ್ಲುತ್ತದೆ. ಅಮೋನಿಯ ಹೀಗೆ ಕಣ್ಣು, ಮೂಗು, ಗಂಟಲುಗಳನ್ನು ಸುಟ್ಟು ಎಚ್ಚರಿಸಿಬಿಡುತ್ತದೆ. ನೀರಿನಲ್ಲಿ ಸಾವಕಾಶ ಕರಗುವ ನೈಟ್ರೋಜನ್ ಡೈಆಕ್ಸೈಡ್ ಮೂಗಿಗೆ ಹೆಚ್ಚು ತೊಂದರೆ ಕೊಡದೆ ನೇರ ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ಕೆಮ್ಮಿ ಸುಮ್ಮನಾದವನಿಗೆ ಹಲವು ತಾಸು ಬಿಟ್ಟು ಎದೆಯಲ್ಲಿ ನೀರು ತುಂಬುತ್ತದೆ. ಗೋವಿನಜೋಳದ ರಸಮೇವು ತುಂಬಿದ ಮೊದಲ ಮೂರು ವಾರಗಳಲ್ಲಿ ಗುಂಡಿಯ ತಗ್ಗಿನಲ್ಲಿ ಹಳದಿ-ಕಂದು ಗಾಳಿ ಕಂಡರೆ ಅದು ಇದೇ ಎಂದು ತಿಳಿದು ದೂರ ನಿಲ್ಲಬೇಕು.

ಸೂತ್ರ ಎಲ್ಲಿ ಸೋಲುತ್ತದೆ ಎಂಬುದಕ್ಕೂ ಡೇರಿಯ ಮೇಜೇ ಪಾಠ. ಎಮ್ಮೆಯ ಹಾಲಿಗೆ ಹೊಂದಿಸಿದ ಯಂತ್ರದಲ್ಲಿ ಆಕಳ ಹಾಲು ಹಾಕಿದರೆ ಅಂಕಿ ಬರುತ್ತದೆ, ನಿಜ ಬರುವುದಿಲ್ಲ. ಹಾಲಿಗೆ ನೀರು ಹಾಕಿ ಮೇಲೆ ಉಪ್ಪೋ ಸಕ್ಕರೆಯೋ ಬೆರೆಸಿದರೆ ಲ್ಯಾಕ್ಟೋಮೀಟರ್ ಮೋಸ ಹೋಗುತ್ತದೆ, ಸೂತ್ರವೂ ಜೊತೆಗೇ ಮೋಸ ಹೋಗುತ್ತದೆ. ಗಣಕಯಂತ್ರ ಯಾವ ಬಗೆಯ ಅಣುಗಳಿಂದ ಕಲಿತಿದೆಯೋ ಆ ಬಗೆಯವಕ್ಕೆ ಮಾತ್ರ ಅದರ ಮಾತು ನಂಬಬಹುದು. ಪಟ್ಟಿಯಲ್ಲಿ ಎಂದೂ ಇರದ ಜಾತಿಯ ಅಣು ಬಂದರೂ ಅದು ಅಂಕಿಯೊಂದನ್ನು ಹೇಳಿಯೇ ಹೇಳುತ್ತದೆ. ಒಳ್ಳೆಯ ವಿಜ್ಞಾನಿ ಆಗ 'ಇದು ನಮ್ಮ ಹದ್ದಿನ ಹೊರಗೆ' ಎಂದು ಬದಿಗಿಡುತ್ತಾನೆ. ಇನ್ನೊಂದು ಕೊರತೆ ನಮಗೆ ಹೆಚ್ಚು ಸಂಬಂಧಿಸಿದ್ದು. ಈ ಲೆಕ್ಕಗಳಲ್ಲಿ ಹೆಚ್ಚಿನವು ಒಂದೊಂದೇ ವಸ್ತುವಿಗೆ. ನಮ್ಮಲ್ಲಿ ಅಂಗಡಿಯವನ ಮಾತು ಕೇಳಿ ಎರಡು ಮೂರು ಔಷಧ ಒಂದೇ ಟ್ಯಾಂಕಿಗೆ ಸುರಿಯುತ್ತೇವೆ. ಪ್ರೊಫೆನೊಫಾಸ್‌ನಂಥ ಔಷಧ ದೇಹದಲ್ಲಿ ಸೈಪರ್‌ಮೆಥ್ರಿನ್ ಅನ್ನು ಒಡೆದು ಹಾಕುವ ಕಿಣ್ವವನ್ನೇ ತಡೆಯುತ್ತದೆ. ಆಗ ಒಂದಕ್ಕೊಂದು ಕೂಡಿ ಎರಡಾಗುವುದಿಲ್ಲ, ಇನ್ನೂ ಹೆಚ್ಚಾಗುತ್ತದೆ. ಹುಳಕ್ಕೆ ಬಿಗಿಯಾದುದು ಹೊಡೆಯುವವನಿಗೂ ಬಿಗಿಯೇ.

ಮೂಗಿನ ನಕ್ಷೆ

ಮೇಲೆ ಹೇಳಿದ ಕ್ಲೋರೋಥಲೊನಿಲ್ ವಿಷಯದಲ್ಲಿ ಅಮೆರಿಕದಲ್ಲಿ ನಡೆದ ಕೆಲಸ ಇನ್ನೊಂದು ಬಗೆಯದು. ಇಲಿಯ ಪರೀಕ್ಷೆಗೆ ವಸ್ತುವನ್ನು ಬಹಳ ನುಣ್ಣಗೆ ಅರೆದು ಗಾಳಿಗೆ ಬಿಡುತ್ತಾರೆ. ಹೊಲದಲ್ಲಿ ಪಂಪಿನಿಂದ ಬರುವ ಹನಿಗಳು ದಪ್ಪ. ಇಲಿ ಮೂಗಿನಿಂದ ಮಾತ್ರ ಉಸಿರಾಡುತ್ತದೆ, ಬೆನ್ನ ಮೇಲೆ ಪಂಪು ಹೊತ್ತ ಮನುಷ್ಯ ಏದುಸಿರು ಬಿಡುತ್ತ ಬಾಯಿಯಿಂದಲೂ ಉಸಿರಾಡುತ್ತಾನೆ. ಇಲಿಯ ಮೂಗಿನ ಒಳದಾರಿಯೂ ನಮ್ಮದಕ್ಕಿಂತ ಬೇರೆ. ಹೀಗಿರುವಾಗ ಇಲಿಯ ಅಂಕಿಯನ್ನು ಮನುಷ್ಯನಿಗೆ ಹೊಂದಿಸುವುದು ಹೇಗೆ?

ಅದಕ್ಕೆ ಮನುಷ್ಯನ ಮೂಗು, ಗಂಟಲು, ಶ್ವಾಸನಾಳಗಳ ನಕ್ಷೆಯನ್ನು ಗಣಕಯಂತ್ರದಲ್ಲಿ ಕಟ್ಟಿದರು. ಕಾಲುವೆಯಲ್ಲಿ ನೀರು ಎಲ್ಲಿ ರಭಸವಾಗಿ ಹರಿದು ಎಲ್ಲಿ ಹೂಳು ಬಿಡುತ್ತದೆ ಎಂದು ಎಂಜಿನಿಯರರು ಲೆಕ್ಕ ಹಾಕುವ ಹಾಗೆ, ಉಸಿರಿನ ಜೊತೆ ಬಂದ ಯಾವ ಗಾತ್ರದ ಹನಿ ಯಾವ ತಿರುವಿನಲ್ಲಿ ಅಂಟುತ್ತದೆ ಎಂದು ಲೆಕ್ಕ ಹಾಕಿದರು. ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ದಪ್ಪ ಹನಿಗಳು ಬಹುಪಾಲು ಮೂಗು, ಗಂಟಲುಗಳಲ್ಲಿಯೇ ನಿಲ್ಲುತ್ತವೆ. ಅದರ ಅರ್ಧಕ್ಕಿಂತ ಸಣ್ಣವು ಶ್ವಾಸಕೋಶದ ತಳಕ್ಕೆ ಇಳಿಯಬಲ್ಲವು. ಜೊತೆಗೆ ಮನುಷ್ಯನ ಶ್ವಾಸನಾಳದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಪೊರೆಯಾಗಿ ಬೆಳೆಸಿ, ಅದರ ಮೇಲೆ ಔಷಧ ಹಾಕಿ, ಎಷ್ಟಕ್ಕೆ ಪೊರೆ ಕೆಡುತ್ತದೆಂದು ನೋಡಿದರು. ಎರಡೂ ಲೆಕ್ಕ ಕೂಡಿಸಿದರೆ, ಹೊಸದಾಗಿ ಇಲಿಗಳನ್ನು ಕೊಲ್ಲದೆ ಮನುಷ್ಯನ ಅಪಾಯದ ಅಂದಾಜು ಸಿಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಕ್ರಮವನ್ನು 2018ರ ಡಿಸೆಂಬರಿನಲ್ಲಿ ಸ್ವತಂತ್ರ ತಜ್ಞರ ಮುಂದೆ ಇಟ್ಟು ಪರಿಶೀಲನೆಗೆ ಒಳಪಡಿಸಿತು.

ಕೆಲಸ ಮೆಚ್ಚುವಂಥದು. ಆದರೆ ಲೆಕ್ಕದೊಳಗಿನ ಮನುಷ್ಯ ಎಂಥವನು ಎಂಬುದನ್ನೂ ಕೇಳಬೇಕಾಗುತ್ತದೆ. ಟ್ರ್ಯಾಕ್ಟರಿನ ಮುಚ್ಚಿದ ಕೋಣೆಯಲ್ಲಿ ಕುಳಿತು, ಮಾಸ್ಕು ಹಾಕಿ ಹೊಡೆಯುವವನ ಉಸಿರು ಒಂದು. ಮೇ ಬಿಸಿಲಿನ ನಂತರದ ಕುದಿಯಲ್ಲಿ ಬರಿಮೈಗೆ ವಲ್ಲಿ ಸುತ್ತಿಕೊಂಡು, ಗಾಳಿಗೆ ಎದುರಾಗಿ ನಡೆಯುವವನ ಉಸಿರು ಬೇರೆ. ಯಾವ ಉಸಿರನ್ನು ಯಂತ್ರಕ್ಕೆ ಕೊಟ್ಟಿದ್ದಾರೋ ಅದಕ್ಕೆ ಮಾತ್ರ ಉತ್ತರ ಹೊಂದುತ್ತದೆ.

ಕಾಗದ, ಪೆನ್ಸಿಲ್ಲಿನ ಲೆಕ್ಕ

ಇಂಥ ಲೆಕ್ಕವನ್ನು ಸಣ್ಣ ಪ್ರಮಾಣದಲ್ಲಿ ನಾವೇ ಮಾಡಿ ನೋಡಬಹುದು. ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್‌ನ 3 ಗ್ರಾಂ ಗುಳಿಗೆ ಗಾಳಿಯ ತೇವ ಹೀರಿ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. 1 ಗ್ರಾಂ ಅನಿಲವೆಂದರೆ ಸುಮಾರು ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28,300 ಲೀಟರ್ ಗಾಳಿ ಇರುತ್ತದೆ. ಭಾಗಿಸಿದರೆ ಹತ್ತು ಲಕ್ಷಕ್ಕೆ 25 ಭಾಗ. ಕೋಣೆ ಪೂರ್ತಿ ಮುಚ್ಚಿದ್ದರೆ ಎರಡು ಗುಳಿಗೆಗೆ 50. ಫಾಸ್ಫೀನ್‌ಗೆ 50 ಎಂಬುದು ಕೂಡಲೇ ಜೀವಕ್ಕೆ ಅಪಾಯವೆಂದು ಗುರುತಿಸಿದ ಮಟ್ಟ. ಎಂಟು ತಾಸಿನ ಕೆಲಸಕ್ಕೆ ಹಾಕಿಕೊಟ್ಟ ಮಿತಿ 0.3 ಮಾತ್ರ. ಕಾಳು ಸ್ವಲ್ಪ ಅನಿಲ ಹೀರೀತು, ಬಾಗಿಲ ಸಂದಿಯಿಂದ ಸ್ವಲ್ಪ ಹೋದೀತು. ಆದರೆ ಹೋದದ್ದು ಎಲ್ಲಿಗೆ? ಪಕ್ಕದ ಕೋಣೆಗೆ, ಅಲ್ಲಿ ಮಕ್ಕಳು ಮಲಗಿರುತ್ತಾರೆ, ಗೋಡೆಯಾಚೆ ದನ ಕಟ್ಟಿರುತ್ತದೆ. ಈ ಗುಳಿಗೆಯನ್ನು ಸರಕಾರದ ಅನುಮತಿ ಪಡೆದವರೇ ಬಳಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ವಾಸದ ಮನೆಯಲ್ಲಿ ಒಂದು ಗುಳಿಗೆಯೂ ಬೇಡ.

ಮೂಗನ್ನು ನಂಬಬಹುದೇ ಎಂಬ ಪ್ರಶ್ನೆಗೂ ಉತ್ತರ ಅನಿಲಕ್ಕೊಂದು. ಅಮೋನಿಯ ಘಾಟು ಮೊದಲೇ ಹೇಳುತ್ತದೆ. ಯೂರಿಯಾ ಉಪಚರಿಸಿದ ಹೊಟ್ಟು ಅಥವಾ ಹುಲ್ಲನ್ನು, ಅಂದರೆ 100 ಕಿಲೋಗೆ 4 ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಹಾಕಿ ಮೂರು ವಾರ ಮುಚ್ಚಿಟ್ಟದ್ದನ್ನು, ತೆಗೆದ ಮೇಲೆ ಘಾಟು ಹೋಗುವವರೆಗೆ ಗಾಳಿಗೆ ಹರವಿ ನಂತರವೇ ದನಕ್ಕೆ ಹಾಕಬೇಕು. ಗೋಬರ್ ಗ್ಯಾಸಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಇದಕ್ಕೆ ತದ್ವಿರುದ್ಧ. ಹತ್ತು ಲಕ್ಷಕ್ಕೆ ಒಂದು ಭಾಗ ತುಂಬುವ ಮೊದಲೇ ಕೊಳೆತ ತತ್ತಿಯ ನಾತ ಬರುತ್ತದೆ, ಆದರೆ 100 ದಾಟಿದರೆ ಮೂಗೇ ಜಡವಾಗಿ ನಾತ ನಿಂತುಹೋಗುತ್ತದೆ. ನಾತ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಅಲ್ಲಿಯೇ ಬೀಳುತ್ತಾನೆ. ಅವನನ್ನು ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಗುಂಡಿ ತೆಗೆಯುವುದಿದ್ದರೆ ಹೊರಗಿನಿಂದಲೇ ಪಂಪಿನಿಂದ ತೆಗೆಯಿರಿ. ಒಳಗೆ ಬಿದ್ದವನನ್ನು ಹಗ್ಗದಿಂದ ಎಳೆಯಬೇಕು, ಹಿಂದೆ ಇಳಿಯಬಾರದು.

ಎಣ್ಣೆ ಹೊಡೆಯುವಾಗ ಮೂಗಿಗೆ ಕಟ್ಟಿದ ವಲ್ಲಿ ದಪ್ಪ ಹನಿಯನ್ನು ಅಷ್ಟಿಷ್ಟು ತಡೆದೀತು, ಆವಿಯನ್ನು ತಡೆಯದು. ತೊಯ್ದ ಮೇಲೆ ಅದೇ ವಿಷದ ಪಟ್ಟಿಯಾಗಿ ಬಾಯಿಗೆ ಅಂಟಿರುತ್ತದೆ. ಗಾಳಿ ಬೆನ್ನಿಗಿರುವಂತೆ ನಡೆಯಿರಿ. ಬೆಳೆ ಎದೆಗಿಂತ ಎತ್ತರವಾದ ಮೇಲೆ ಕೈಪಂಪಿನಿಂದ ಒಳಗೆ ನುಗ್ಗಿ ಹೊಡೆಯುವುದೇ ಬೇಡ. ಗಾಳಿಗೆ ತೇಲಿದ ಮಂಜು ಬದುವಿನ ಹುಲ್ಲಿನ ಮೇಲೂ ಕುಳಿತಿರುತ್ತದೆ, ಸಂಜೆ ಅದನ್ನೇ ಕೊಯ್ದು ಎಮ್ಮೆಗೆ ಹಾಕಬೇಡಿ.

ಡಬ್ಬಿಯ ಜೊತೆ ಬರುವ ಮಡಿಕೆ ಕಾಗದದಲ್ಲಿ ಕನ್ನಡವೂ ಇದ್ದರೆ ಓದಿ. ಇನ್ನೂ ವಿವರ ಬೇಕೆಂದರೆ ತಯಾರಕರ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿರಿ. ಅದರಲ್ಲಿ 16 ಭಾಗಗಳಿರುತ್ತವೆ, ವಿಷದ ಲೆಕ್ಕ 11ನೆಯ ಭಾಗದಲ್ಲಿ. ಉಸಿರಿನ ಅಂಕಿಯ ಮುಂದೆ ಇಲಿಯ ಪರೀಕ್ಷೆ ಎಂದಿದೆಯೋ, ಅಂದಾಜು ಎಂದಿದೆಯೋ, ಜಾಗ ಖಾಲಿ ಬಿಟ್ಟಿದೆಯೋ ನೋಡಿ. ಖಾಲಿ ಇದ್ದರೆ ವಿಷವಿಲ್ಲವೆಂದಲ್ಲ, ಅಳೆದಿಲ್ಲವೆಂದು ಅರ್ಥ. ಈ ಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇರುತ್ತವೆ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಾಗಲಿ ತೋರಿಸಿ ಕೇಳಬಹುದು.

ಹೊಡೆಯುವಾಗ ಅಥವಾ ಹೊಡೆದು ಬಂದ ಮೇಲೆ ಅತಿಯಾಗಿ ಬೆವರು, ಜೊಲ್ಲು, ಕಣ್ಣು ಮಂಜು, ಎದೆ ಬಿಗಿತ ಕಂಡರೆ ಕೂಡಲೇ ಬಟ್ಟೆ ತೆಗೆದು ಸಾಬೂನಿನಿಂದ ಮೈ ತೊಳೆದು, 108ಕ್ಕೆ ಫೋನು ಮಾಡಿ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಡಬ್ಬಿಯನ್ನು, ಎರಡು ಬೆರೆಸಿದ್ದರೆ ಎರಡೂ ಡಬ್ಬಿಗಳನ್ನು, ಚೀಲದಲ್ಲಿ ಕಟ್ಟಿ ಒಯ್ಯಿರಿ. ವೈದ್ಯರಿಗೆ ಬೇಕಾಗಿರುವುದು ಅಂಗಡಿಯಲ್ಲಿ ಕರೆಯುವ ಹೆಸರಲ್ಲ, ಲೇಬಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದ ಔಷಧದ ಮೂಲ ಹೆಸರು.